ನಿಮ್ಮಪ್ಪನಿಗೆ ಹೇಳು

ಗಂಡ ಹೆಂಡತಿ ಮಾತು ಬಿಟ್ಟರೆ ಮನೆ ತಣ್ಣಗಿರುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅವರು ನಮ್ಮ ಮನೆಗೆ ಬಂದು ಒಂದು ಹೊತ್ತು ಕೂರಬೇಕಿತ್ತು. ನಮ್ಮಲ್ಲಿ ಮಾತು ಕಮ್ಮಿಯಾಗಲಿಲ್ಲ, ಎರಡರಷ್ಟಾಯಿತು. ಅಪ್ಪ ಹೇಳಿದ್ದನ್ನು ಅಮ್ಮನಿಗೆ ನಾನು ಹೇಳಬೇಕು, ಅಮ್ಮ ಹೇಳಿದ್ದನ್ನು ಅಪ್ಪನಿಗೆ ನಾನು ಹೇಳಬೇಕು.

"ನಿಮ್ಮಪ್ಪನಿಗೆ ಹೇಳು, ಊಟ ಆರಿಹೋಗ್ತಿದೆ."

"ಅಪ್ಪಾ, ಊಟ ಆರಿಹೋಗ್ತಿದೆಯಂತೆ."

"ನಿಮ್ಮಮ್ಮನಿಗೆ ಹೇಳು, ನನಗೆ ಹಸಿವಿಲ್ಲ."

"ಅಮ್ಮಾ, ಹಸಿವಿಲ್ಲವಂತೆ."

ಇಷ್ಟೆಲ್ಲ ನಡೆಯುವಾಗ ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತಿರುತ್ತಿದ್ದರು. ಮೇಜಿನ ಅಗಲ ಕೈಚಾಚಿದರೆ ಮುಗಿಯಿತು. ಇಬ್ಬರ ಕಿವಿಯೂ ನೆಟ್ಟಗಿದೆ. ಆದರೂ ಅಪ್ಪನ ಮಾತು ಅಮ್ಮನಿಗೆ ಕೇಳಿಸಿತು ಎಂದು ಲೆಕ್ಕಕ್ಕೆ ಬರುವುದು ಅದು ನನ್ನ ಬಾಯಿಂದ ಬಂದ ಮೇಲೆಯೇ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಕೊನೆಗೆ ಅದೂ ಇಲ್ಲದೆ, ನಲ್ಲಿ ತಿರುಗಿಸಿದರೆ ನೀರು ಬರುವ ಹಾಗೆ ಬಾಯಿ ತನ್ನಷ್ಟಕ್ಕೆ ಕೆಲಸ ಮಾಡತೊಡಗಿತು.

ಇದು ಮನೆಯೊಳಗೇ ಇದ್ದಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಆದರೆ ನಾವು ಮೂವರೂ ಕೆಲಸ ಮಾಡುವುದೂ ಒಂದೇ ಕಡೆ. ದೊಡ್ಡ ದೊಡ್ಡ ಕಟ್ಟಡ ಕಟ್ಟುವ ಜಾಗ. ಅಮ್ಮ ಕ್ರೇನ್ ಆಪರೇಟರ್. ಬೆಳಿಗ್ಗೆ ಏಣಿ ಹತ್ತಿ ಮೋಡದ ಪಕ್ಕದಲ್ಲಿರುವ ಗಾಜಿನ ಗೂಡಿನೊಳಗೆ ಹೋಗಿ ಕೂತರೆ ಇಳಿಯುವುದು ಊಟದ ಹೊತ್ತಿಗೆ. ಅಪ್ಪ ಸಿಗ್ನಲ್ ಕೊಡುವವರು. ಅಮ್ಮನಿಗೆ ಮೇಲಿಂದ ಕಾಣದ ಕಡೆ ಸಾಮಾನು ಇಳಿಸಬೇಕಾದಾಗ, ಅಂಚಿನಲ್ಲಿ ನಿಂತು, ಕಂಡದ್ದನ್ನು ವಾಕಿಟಾಕಿಯಲ್ಲಿ ಹೇಳುವುದು ಅವರ ಕೆಲಸ. ನಾನು ಕೊಕ್ಕೆಯ ಕೆಲಸದವಳು. ಸಾಮಾನಿಗೆ ತಂತಿಹಗ್ಗ ಬಿಗಿದು ಕೊಕ್ಕೆಗೆ ಸಿಕ್ಕಿಸುವುದು, ಅದು ಇಳಿಯುವ ಜಾಗದಲ್ಲಿ, ಹೆಚ್ಚಾಗಿ ಪಾಯದ ಗುಂಡಿಯೊಳಗೆ, ಕಾದಿದ್ದು ಬಿಚ್ಚುವುದು.

ಜಗಳ ಶುರುವಾದದ್ದು ನನ್ನಿಂದಲೇ. ಅಂದರೆ ನಾನು ಜಗಳವಾಡಲಿಲ್ಲ, ನನ್ನನ್ನು ನಡುವೆ ಇಟ್ಟುಕೊಂಡು ಅವರು ಆಡಿದರು. ನಾನು ಸ್ಟೋರಿನಲ್ಲಿ ಕೂತು ಸಾಮಾನು ಎಣಿಸುವವಳಾಗಬೇಕು ಎಂದು ಅಪ್ಪ. ಇವತ್ತು ಕೊಕ್ಕೆ ಹಿಡಿದರೆ ನಾಳೆ ಮೇಲೆ ಬಂದು ನನ್ನ ಸೀಟಿನಲ್ಲಿ ಕೂರುತ್ತಾಳೆ ಎಂದು ಅಮ್ಮ. ಅಮ್ಮ ಗೆದ್ದರು. ನಾನು ಮೊದಲ ಸಲ ಗುಂಡಿಗಿಳಿದ ದಿನ ಅಪ್ಪ ಮನೆಗೆ ಬಂದು ಬೂಟು ಬಿಚ್ಚುತ್ತಾ, "ನಿಮ್ಮಮ್ಮನಿಗೆ ಹೇಳು, ಇನ್ನು ನನ್ನ ಹತ್ರ ಮಾತಾಡೋದು ಬೇಡ" ಎಂದರು. ನಾನು ಹೇಳಿದೆ. ಅದೇ ಮೊದಲ ಟಪಾಲು.

ಕೆಲಸದಲ್ಲಿ ಒಂದು ನಿಯಮವಿದೆ. ಕಾಣದ ಕಡೆ ಸಾಮಾನು ಇಳಿಯುವಾಗ ಸಿಗ್ನಲ್‌ನವರು ಬಾಯಿ ಮುಚ್ಚುವ ಹಾಗಿಲ್ಲ. "ಇಳೀಲಿ, ಇಳೀಲಿ, ಇಳೀಲಿ" ಎಂದು ಒಂದೇ ಸಮ ಹೇಳುತ್ತಲೇ ಇರಬೇಕು. ದನಿ ಬರುತ್ತಿರುವ ತನಕ ಕೊಕ್ಕೆ ಇಳಿಯುತ್ತದೆ. ದನಿ ನಿಂತಿತೋ, ಕೊಕ್ಕೆ ನಿಲ್ಲಬೇಕು. ಸಿಗ್ನಲ್‌ನವನಿಗೆ ಕೆಮ್ಮು ಬಂದಿರಲಿ, ವಾಕಿ ಕೆಟ್ಟಿರಲಿ, ಅವನು ಸತ್ತೇ ಬಿದ್ದಿರಲಿ, ಮೇಲಿನವರಿಗೆ ಗೊತ್ತಾಗಬೇಕಾದ್ದು ಇಷ್ಟೇ. ನಮ್ಮಪ್ಪನ ದನಿಗೆ ಸೈಟಿನಲ್ಲಿ ಹೆಸರಿತ್ತು. ಅಷ್ಟು ಸಮನಾಗಿ, ಅಷ್ಟು ನಿಧಾನವಾಗಿ ಹೇಳುತ್ತಿದ್ದರು. ವರ್ಷಗಟ್ಟಲೆ ಅಮ್ಮನ ಕೈ ಆ ದನಿಯ ಮೇಲೆಯೇ ನಡೆದಿತ್ತು.

ಈಗ ಮಾತು ಬಿಟ್ಟರಲ್ಲ. ಅಪ್ಪ ವಾಕಿಯಲ್ಲಿ ನನಗೆ ಹೇಳತೊಡಗಿದರು. "ಹೇಳವಳಿಗೆ, ಇಳಿಸ್ಲಿ." ಅಮ್ಮನಿಗೂ ಅದೇ ಚಾನೆಲ್, ಅಮ್ಮನಿಗೂ ಅದು ಕೇಳಿಸುತ್ತದೆ. ಆದರೆ ಕೊಕ್ಕೆ ಅಲುಗುವುದಿಲ್ಲ. ಗುಂಡಿಯಿಂದ ನಾನು "ಅಮ್ಮಾ, ಇಳೀಲಿ" ಎನ್ನಬೇಕು, ಆಗ ಇಳಿಯುತ್ತದೆ. ಹುಡುಗರು ನನ್ನನ್ನು ಟಪಾಲು ಎಂದೇ ಕರೆಯತೊಡಗಿದರು. "ಟಪಾಲು, ನಿಮ್ಮಮ್ಮನಿಗೆ ಹೇಳು, ನನಗೊಂದು ಟೀ ಇಳಿಸ್ಲಿ" ಎಂದು ಕೀಟಲೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ನಗುವ ವಿಷಯ ಅದಾಗಿರಲಿಲ್ಲ. ವಾಕಿಟಾಕಿಯಲ್ಲಿ ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರ ಮಾತು ನಮಗೆ ಕೇಳಿಸುವುದಿಲ್ಲ. ನಾನು "ಇಳೀಲಿ, ಇಳೀಲಿ" ಎಂದು ಒತ್ತಿಕೊಂಡೇ ಇದ್ದರೆ ಅಪ್ಪ ಹೇಳುವುದು ನನಗೆ ಮುಟ್ಟುವುದು ಹೇಗೆ? ಹಾಗಾಗಿ ಒಂದು ಸಲ "ಇಳೀಲಿ" ಎಂದು ಬಿಡುವುದು, ಅಪ್ಪನ ಮಾತಿಗೆ ಕಾಯುವುದು, ಮತ್ತೆ "ಇಳೀಲಿ" ಎನ್ನುವುದು, ಹೀಗೆ ಅಭ್ಯಾಸವಾಯಿತು. ನಡುವೆ ದನಿ ಇಲ್ಲದ ಹೊತ್ತು. ಆ ಹೊತ್ತಿನಲ್ಲಿ ಅಮ್ಮ ಕೊಕ್ಕೆ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೆ ದಿನವಿಡೀ ಒಂದು ಸಾಮಾನೂ ಇಳಿಯುತ್ತಿರಲಿಲ್ಲ. ದನಿ ನಿಂತರೆ ಕೊಕ್ಕೆ ನಿಲ್ಲಬೇಕೆಂಬ ನಿಯಮ ಹೀಗೆ, ಯಾರೂ ಮುರಿಯದೆಯೇ, ಮುರಿದುಹೋಯಿತು. ಮೂವರಿಗೂ ಅದು ಗೊತ್ತಿತ್ತು. ಮೂವರಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಆ ದಿನ ಇಳಿಯಬೇಕಾಗಿದ್ದದ್ದು ಕಬ್ಬಿಣದ ಹಲಗೆ. ಗೋಡೆಗೆ ಕಾಂಕ್ರೀಟು ಸುರಿಯುವ ಮೊದಲು ಅಚ್ಚಿನ ಹಾಗೆ ನಿಲ್ಲಿಸುವಂಥದ್ದು. ಬಾಗಿಲಿಗಿಂತ ಎಷ್ಟೋ ದೊಡ್ಡದು, ಒಂದು ಕಾರಿಗಿಂತ ಭಾರ. ಅದು ಇಳಿಯಬೇಕಾಗಿದ್ದದ್ದು ಎರಡು ಗೋಡೆಗಳ ನಡುವಿನ ಆಳವಾದ ಇಕ್ಕಟ್ಟು ಗುಂಡಿಗೆ. ಒಂದು ಗೋಡೆಗೆ ಏಣಿ. ಎದುರಿನ ಗೋಡೆಯಿಂದ ಕಂಬಿಗಳು ಹೊರಗೆ ಚಾಚಿಕೊಂಡಿದ್ದವು, ಮುಂದೆ ಬರುವ ಕಟ್ಟಡಕ್ಕೆಂದು ಬಿಟ್ಟವು. ತಳದಲ್ಲಿ ಮೊಣಕಾಲ ತನಕ ಒಸರು ನೀರು. ಅದನ್ನು ಎಳೆದು ಹಾಕಲು ಮೇಲೆ ಪಂಪು ಡಬಡಬ ಎನ್ನುತ್ತಿತ್ತು. ನಾನು ಆ ನೀರಿನಲ್ಲಿ ನಿಂತು ತಲೆ ಎತ್ತಿ ನೋಡುತ್ತಿದ್ದೆ.

ಆಕಾಶ ಒಂದು ಸೀಳಿನಷ್ಟು ಕಾಣುತ್ತಿತ್ತು. ಅದಕ್ಕೆ ಅಡ್ಡಲಾಗಿ ಹಲಗೆ ಬಂತು.

"ಹೇಳವಳಿಗೆ, ಇಳಿಸ್ಲಿ" ಎಂದರು ಅಪ್ಪ.

"ಅಮ್ಮಾ, ಇಳೀಲಿ" ಎಂದೆ.

ಹಲಗೆ ಇಳಿಯತೊಡಗಿತು. ಸ್ವಲ್ಪ ತಿರುಗಿತು, ನೆಟ್ಟಗಾಯಿತು, ಮತ್ತೆ ತಿರುಗಿತು. ನಾನು ಇನ್ನೊಂದು ಸಲ ಗುಂಡಿ ಒತ್ತಿ "ಇಳೀಲಿ" ಎಂದೆ. ಹಾಗೆನ್ನುತ್ತಿರುವಾಗಲೇ ಹಲಗೆಯ ಕೆಳಮೂಲೆ ಚಾಚಿಕೊಂಡಿದ್ದ ಒಂದು ಕಂಬಿಯ ಮೇಲೆ ಕೂತಿತು. ಅದನ್ನು ನನಗಿಂತ ಮೊದಲು ಅಪ್ಪ ನೋಡಿದ್ದರು. ನಿಲ್ಲಿಸು ಎಂದು ಅಮ್ಮನಿಗೇ ಕೂಗಿದ್ದರೆ ಆಗುತ್ತಿತ್ತು. ಆದರೆ ಅವರ ಬಾಯಿಗೂ ಅಭ್ಯಾಸವಾಗಿತ್ತಲ್ಲ, "ನಿಲ್ಲಿಸೋಕೆ ಹೇಳವಳಿಗೆ!" ಎಂದು ನನಗೆ ಹೇಳಿದರಂತೆ. ನಾನು ಗುಂಡಿ ಒತ್ತಿದ್ದೆ, ಅವರೂ ಒತ್ತಿದ್ದರು. ಇಬ್ಬರ ಮಾತೂ ಡಿಕ್ಕಿ ಹೊಡೆದುಕೊಂಡು ಅಮ್ಮನ ಕಿವಿಗೆ ಬರೀ ಕಿರ್ರೆನ್ನುವ ಸದ್ದು ಹೋಯಿತು. ಆಮೇಲೆ ಮೌನ. ಮೌನಕ್ಕೆ ಅಮ್ಮನ ಕೈ ನಿಲ್ಲುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅಮ್ಮ ಇಳಿಸುತ್ತಲೇ ಹೋದರು.

ಕೆಳಗಿನ ಅಂಚು ಕಂಬಿಯ ಮೇಲೆ ನಿಂತಿತು, ಮೇಲಿನ ಅಂಚು ವಾಲಿತು. ಇಡೀ ಹಲಗೆ ನನ್ನ ತಲೆಯ ಮೇಲೆ ಓರೆಯಾಗಿ ಬಂದು ಏಣಿಯ ಗೋಡೆಗೆ ಧಡ್ ಎಂದು ಒರಗಿತು. ನಾನು ಹಿಂದಕ್ಕೆ ಹೆಜ್ಜೆಯಿಟ್ಟು, ಜಾರಿ, ನೀರಿನಲ್ಲಿ ಕೂತುಬಿಟ್ಟೆ. ವಾಕಿ ಕೈ ತಪ್ಪಿ ಮುಳುಗಿತು. ಹುಡುಕಿ ಎತ್ತಿಕೊಂಡು ತಲೆಯೆತ್ತುವಾಗ ಆಕಾಶವಿರಲಿಲ್ಲ. ಸೂರಿನ ಹಾಗೆ ಕಬ್ಬಿಣ ಮುಚ್ಚಿಕೊಂಡಿತ್ತು. ಏಣಿ ಅದರ ಆಚೆ ಇತ್ತು.

ಕೊಕ್ಕೆ ನಿಂತಿತು. ಅಮ್ಮನ ಮುಂದೆ ತೂಕ ತೋರಿಸುವ ಮೀಟರ್ ಇದೆ, ಅದರ ಮುಳ್ಳು ಬಿದ್ದದ್ದನ್ನು ನೋಡಿ ತಾವೇ ನಿಲ್ಲಿಸಿದ್ದರು.

"ಮಗಳೇ? ಏನಾಯ್ತು? ತೂಕ ಇಳೀತಲ್ಲ? ಮಾತಾಡು."

ನಾನು ಗುಂಡಿ ಒತ್ತಿ "ಅಮ್ಮಾ" ಎಂದೆ. ಒತ್ತಿದಾಗ ಹೊತ್ತಿಕೊಳ್ಳುವ ಕೆಂಪು ದೀಪ ಹೊತ್ತಲಿಲ್ಲ. ಮತ್ತೆ ಒತ್ತಿದೆ, ಅಲ್ಲಾಡಿಸಿ ಒತ್ತಿದೆ. ವಾಕಿ ಕೇಳಿಸಿಕೊಳ್ಳುತ್ತಿತ್ತು, ಹೇಳುತ್ತಿರಲಿಲ್ಲ. ಕೂಗಿದೆ. ಪಂಪಿನ ಡಬಡಬದಲ್ಲಿ ನನ್ನ ಕೂಗು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಪುಟ್ಟಾ..." ಅಪ್ಪನ ದನಿ ಬಂತು. "ಪುಟ್ಟಾ, ನಿಮ್ಮಮ್ಮನಿಗೆ ಹೇಳು, ಮೇಲೆತ್ಲಿ."

"ನಾನು ಅವಳನ್ನ ಕೇಳ್ತಿದೀನಿ. ಅವಳು ಹೇಳ್ಲಿ" ಎಂದರು ಅಮ್ಮ.

ನಾನು ಕಬ್ಬಿಣದ ಕೆಳಗೆ ಕೂತು ಇದನ್ನು ಕೇಳುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸತ್ತರೂ ಇವರ ಟಪಾಲು ಮುಟ್ಟಿಸಿಯೇ ಸಾಯಬೇಕು ನಾನು. ಹಾಗೆಂದು ಸಿಟ್ಟು ಬಂದದ್ದು ಒಂದು ಗಳಿಗೆ ಮಾತ್ರ. ತಲೆಯ ಮೇಲಿನಿಂದ ಕುಂಯ್ ಎಂಬ ಸಣ್ಣ ಸದ್ದು ಕೇಳಿತು. ಹಲಗೆಯನ್ನು ಹೊತ್ತಿದ್ದ ಕಂಬಿ ಬಗ್ಗುತ್ತಿತ್ತು.

"ಪುಟ್ಟಾ, ಮಾತಾಡಮ್ಮಾ."

"ಅವಳು ಯಾಕೆ ಮಾತಾಡ್ತಿಲ್ಲ? ಏನ್ ಮಾಡಿದ್ರಿ ಅವಳಿಗೆ?" ಅಮ್ಮ ಅರಚಿದರು. ಅಷ್ಟು ದಿನಗಳ ನಂತರ ಅಮ್ಮ ಅಪ್ಪನಿಗೇ ಹೇಳಿದ ಮೊದಲ ಮಾತು ಅದು.

"ನಾನೇನ್ ಮಾಡಿದೆ? ಅವಳನ್ನ ಈ ಗುಂಡಿಗೆ ಇಳಿಸಿದ್ದು ಯಾರು? ಬೇಡ ಬೇಡ ಅಂತ ಬಡ್ಕೊಂಡೆ."

"ನೆಟ್ಟಗೆ ಸಿಗ್ನಲ್ ಕೊಡೋಕೆ ಏನಾಗಿತ್ತು ನಿಮಗೆ? ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರಿ."

"ನೀನು ಕೇಳ್ತಿದ್ಯಾ? ಯಾವತ್ತಾದ್ರೂ ನನ್ನ ಮಾತು ಕೇಳಿದ್ಯಾ ನೀನು?"

ಕುಂಯ್. ಮತ್ತೆ ಕುಂಯ್. ಹಲಗೆ ಬೆರಳಿನಷ್ಟು ಕೆಳಗೆ ಬಂತು. ನಾನು ಮೂಲೆಗೆ ಬೆನ್ನು ಒತ್ತಿಕೊಂಡು, ಮೊಣಕಾಲನ್ನು ಎದೆಗೆ ಎಳೆದುಕೊಂಡೆ. ಕಬ್ಬಿಣಕ್ಕೆ ಬಡಿದು ಸದ್ದು ಮಾಡೋಣವೆಂದು ಕೈ ಎತ್ತಿದವಳು ಹೆದರಿ ಹಾಗೇ ಇಳಿಸಿದೆ. ಎಲ್ಲಿ ತಾಗಿದರೆ ಏನು ಬೀಳುತ್ತದೋ ಯಾರಿಗೆ ಗೊತ್ತು? ಅವರು ಮಾತಾಡದೆ ಇದ್ದಾಗ ಒಂದು ಸಲ ಮಾತಾಡಲಿ ಎಂದು ಎಷ್ಟು ಹಂಬಲಿಸಿದ್ದೆ. ಈಗ ಮಾತಾಡುತ್ತಿದ್ದರು, ಮತ್ತು ಆ ಮಾತು ನನ್ನ ಮೇಲೆ ಕಬ್ಬಿಣದಷ್ಟೇ ಭಾರವಾಗಿ ವಾಲಿತ್ತು. ನಾನು ಸಾಯುತ್ತೇನೆ, ಇವರು ಯಾರ ತಪ್ಪು ಎಂದು ತೀರ್ಮಾನಿಸುತ್ತಾ ಇರುತ್ತಾರೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು.

"ಏನ್ರೀ ಅದು ಗಲಾಟೆ?" ಸೂಪರ್‌ವೈಸರ್ ಚಾನೆಲ್‌ಗೆ ನುಗ್ಗಿದ. "ಎತ್ರೀ ಅದನ್ನ ಮೇಲಕ್ಕೆ, ಬೇಗ ಎತ್ರೀ!"

"ಚಾನೆಲ್ ಬಿಡ್ರೀ!" ಎಂದರು ಅಪ್ಪ.

"ಬಿಡ್ರೀ ಚಾನೆಲ್!" ಎಂದರು ಅಮ್ಮ, ಅಪ್ಪನ ಮಾತಿನ ಬಾಲಕ್ಕೇ.

ಸೂಪರ್‌ವೈಸರ್ ಬಿಟ್ಟ. ಬಿಟ್ಟ ಮೇಲೆ ಮೂವರಲ್ಲಿ ಯಾರ ದನಿಯೂ ಇಲ್ಲ. ಪಂಪು ಮಾತ್ರ ಬಡಿದುಕೊಳ್ಳುತ್ತಿತ್ತು. ಅಪ್ಪ ಹೆದರಿದರೆ ಬಾಯಿ ಕಟ್ಟುತ್ತದೆ ಎಂದು ನನಗೆ ಗೊತ್ತು. ಅಮ್ಮ ಹೆದರಿದರೆ ಬಾಯಿ ಹರಿಯುತ್ತದೆ. ಇದು ಅವರ ಮದುವೆಯಾದಾಗಿನಿಂದ ಹೀಗೆಯೇ. ಅಪ್ಪನ ಮೌನವನ್ನು ಅಮ್ಮ ಜಂಬ ಎನ್ನುತ್ತಿದ್ದರು, ಅಮ್ಮನ ಬೈಗುಳವನ್ನು ಅಪ್ಪ ಸೊಕ್ಕು ಎನ್ನುತ್ತಿದ್ದರು. ಅದು ಭಯ ಎಂದು ನಾನು ಇಬ್ಬರಿಗೂ ಮುಟ್ಟಿಸಲಿಲ್ಲ, ಯಾಕೆಂದರೆ ಯಾರೂ ಅದನ್ನು ಹೇಳಿ ಕಳಿಸಿರಲಿಲ್ಲ.

"ರೀ..." ಎಂದರು ಅಮ್ಮ.

ನಾನು ವಾಕಿಯನ್ನು ಕಿವಿಗೆ ಒತ್ತಿಕೊಂಡೆ.

"ರೀ, ಕೇಳಿಸ್ತಿದೆಯಾ? ನನಗೆ ಇಲ್ಲಿಂದ ಏನೂ ಕಾಣ್ತಿಲ್ಲ. ಬರೀ ಹಗ್ಗ ಕಾಣುತ್ತೆ, ಕಪ್ಪು ಸೀಳು ಕಾಣುತ್ತೆ. ನನ್ನ ಕೈ ನಡುಗ್ತಿದೆ. ತುಂಬಾ ಭಯ ಆಗ್ತಿದೆ ರೀ. ನೀವು ನೋಡ್ತಿರೋದನ್ನ ಹೇಳಿ. ಬರೀ ನೋಡ್ತಿರೋದು."

ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿತು.

"ಇಲ್ಲೇ ಇದೀನಿ ಕಣೇ. ಹಲಗೆ ಓರೆಯಾಗಿ ಕೂತಿದೆ. ಕೆಳಗಿನ ಅಂಚು ಕಂಬಿ ಮೇಲೆ. ಮೇಲಿನ ಅಂಚು ಏಣಿ ಗೋಡೆಗೆ ಒರಗಿದೆ. ಹಗ್ಗ ಸಡಿಲ ಬಿದ್ದಿದೆ. ಕಂಬಿ ಬಗ್ತಾ ಇದೆ."

"ಅವಳು?"

"ಕಾಣ್ತಿಲ್ಲ. ಕೆಳಗೆ ಎಲ್ಲೋ ಇದಾಳೆ. ನನಗೆ ಕಾಣ್ತಿಲ್ಲ."

"ಕೂಗಿದ್ರೆ?"

"ಪಂಪಿನ ಸದ್ದು. ಏನೂ ಕೇಳಲ್ಲ."

"ಪಂಪ್ ನಿಲ್ಲಿಸಿ ನೋಡಿ."

"ನಿಲ್ಲಿಸಿದ್ರೆ ನೀರು ಏರುತ್ತೆ."

"ಏರುತ್ತೆ, ಸರಿ. ಸ್ವಲ್ಪ ಹೊತ್ತು ಏರ್ಲಿ. ಅವಳೆಲ್ಲಿದಾಳೆ ಅಂತ ಗೊತ್ತಾಗದೆ ನಾನು ಏನೂ ಮಾಡಕ್ಕಾಗಲ್ಲ."

ಪಂಪು ನಿಂತಿತು. ಆ ನಿಶ್ಶಬ್ದದಲ್ಲಿ ಕಂಬಿಯ ಕುಂಯ್‌ಗುಟ್ಟುವಿಕೆ ಎಷ್ಟು ದೊಡ್ಡದಾಗಿ ಕೇಳಿತೆಂದರೆ ನನಗೆ ಕೂಗಲೂ ಬಾಯಿ ಬರಲಿಲ್ಲ. ಮೇಲಿಂದ ಅಪ್ಪ ಕೂಗಿದರು. ಆಗ ನಾನು ನನ್ನ ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ "ಅಪ್ಪಾ!" ಎಂದೆ.

"ಇದಾಳೆ ಕಣೇ" ಎಂದರು ಅಪ್ಪ ವಾಕಿಯಲ್ಲಿ. "ಇದಾಳೆ, ಇದಾಳೆ." ಅಮ್ಮ ಗುಂಡಿ ಒತ್ತಿದರು. ಗೂಡಿನ ಹೊರಗಿನ ಗಾಳಿಯ ಸದ್ದಷ್ಟೇ ಬಂತು.

"ಎಲ್ಲಿದೀಯಮ್ಮಾ? ಪೆಟ್ಟಾಗಿದೆಯಾ?" ಅಪ್ಪ ಅಂಚಿನಲ್ಲಿ ಮಲಗಿ ಕೂಗುತ್ತಿದ್ದರು. ಕಂಬಿ ಕಡೆಯ ಮೂಲೆಯಲ್ಲಿದ್ದೇನೆ, ಪೆಟ್ಟಾಗಿಲ್ಲ, ವಾಕಿ ಕೆಟ್ಟಿದೆ ಎಂದು ಕೂಗಿದೆ. ಅದನ್ನು ಅಪ್ಪ ಒಂದಕ್ಷರ ಬಿಡದೆ ಅಮ್ಮನಿಗೆ ಹೇಳಿದರು.

"ಕಂಬಿ ಕಡೆ ಮೂಲೆ. ಪೆಟ್ಟಿಲ್ಲ" ಎಂದು ಅಮ್ಮ ಹಿಂದಿರುಗಿಸಿ ಹೇಳಿದರು.

"ಈಗ ಎತ್ತು. ಬೇಗ."

"ಬೇಡ."

ಶುರುವಾಯಿತು ಮತ್ತೆ ಎಂದುಕೊಂಡೆ.

"ಬೇಡ ಅಂದ್ರೆ? ಕಂಬಿ ಮುರಿಯುತ್ತೆ ಕಣೇ! ನೀನು ಮೇಲೆ ಕೂತಿದೀಯಾ, ನಿಂಗೇನ್ ಗೊತ್ತು?"

"ನನಗೆ ಗೊತ್ತಿಲ್ಲ" ಎಂದರು ಅಮ್ಮ. ದನಿ ಏರಿಸಲಿಲ್ಲ. ಜಗಳದಲ್ಲಿ ಅಮ್ಮ ದನಿ ಏರಿಸದೆ ಇದ್ದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಅದಕ್ಕೇ ಕೇಳ್ತಿದೀನಿ. ಬೇಗ ಯಾಕೆ ಅಂತೀರಾ, ಕಂಬಿ ಮುರಿಯುತ್ತೆ ಅಂತ. ಅದು ಸರಿ. ಈಗ ನನ್ನ ಭಯ ಕೇಳಿ. ನಾನು ನೇರ ಎತ್ತಿದ್ರೆ ಅಂಚು ಕಂಬಿ ಬಿಡುತ್ತೆ. ಬಿಟ್ಟ ಕೂಡ್ಲೇ ಹಲಗೆ ತೂಗಾಡುತ್ತೆ. ತೂಗಾಡಿ ವಾಪಸ್ ಬರೋದು ಯಾವ ಕಡೆ?"

ಅಪ್ಪ ಸುಮ್ಮನಾದರು. ಆ ಸುಮ್ಮನಿರುವಿಕೆ ಯೋಚನೆಯದು ಎಂದು ಕೆಳಗಿದ್ದ ನನಗೂ ತಿಳಿಯಿತು.

"ಅವಳ ಕಡೆ" ಎಂದರು.

"ಹೌದು. ಮೊದಲು ಕೊಕ್ಕೇನ ಏಣಿ ಕಡೆಗೆ ತಂದು, ಆಮೇಲೆ ಎತ್ತಬೇಕು ಅಂತ ನಾನು."

"ಅಷ್ಟು ಹೊತ್ತು ಕಂಬಿ ತಡೆಯಲ್ಲ. ಎಳೆದ್ರೆ ಇನ್ನೂ ಬಗ್ಗುತ್ತೆ. ನನ್ನ ಕಣ್ಣೆದುರಿಗೇ ಬಗ್ತಿದೆ."

"ತಡೆಯಲ್ಲ. ಸರಿ. ಹಾಗಾದ್ರೆ?"

ಹಾಗಾದ್ರೆ? ಎಂದು ಅಮ್ಮ ಅಪ್ಪನನ್ನು ಕೇಳಿದರು. ನನ್ನ ಹಲ್ಲು ಕಟಕಟಿಸುತ್ತಿತ್ತು. ಕೂತಿದ್ದ ನನಗೆ ನೀರು ಎದೆಗೆ ಬಂದಿತ್ತು. ಎದ್ದು ನಿಲ್ಲೋಣವೆಂದರೆ ತಲೆಗೆ ಕಬ್ಬಿಣ ತಾಗುತ್ತದೆ.

"ಮೊದಲು ಹಗ್ಗ ಬಿಗಿ ಮಾಡು" ಎಂದರು ಅಪ್ಪ ನಿಧಾನವಾಗಿ. "ಎತ್ತಬೇಡ. ಬಿಗಿ ಆಗೋಷ್ಟೇ. ಆಗ ಕಂಬಿ ಮುರಿದ್ರೂ ಹಗ್ಗ ಹಿಡಿಯುತ್ತೆ. ಆಮೇಲೆ ನೀನು ಹೇಳಿದ ಹಾಗೆ ಏಣಿ ಕಡೆಗೆ."

"ಬಿಗಿ ಆಗೋಷ್ಟೇ, ಎತ್ತಲ್ಲ. ಆಮೇಲೆ ಏಣಿ ಕಡೆಗೆ. ಏಣಿ ಅಂದ್ರೆ ನನಗೆ ಒಳಗಾ ಹೊರಗಾ?"

"ಒಳಗೆ. ನಿನ್ನ ಕಡೆಗೆ."

"ಒಳಗೆ, ನನ್ನ ಕಡೆಗೆ. ಆಮೇಲೆ ಎತ್ತೋದು. ನೀವು ಮಾತು ನಿಲ್ಲಿಸಿದ್ರೆ ನಾನು ನಿಲ್ಲಿಸ್ತೀನಿ."

"ನಾನು ನಿಲ್ಲಿಸಲ್ಲ" ಎಂದರು ಅಪ್ಪ. ಆಮೇಲೆ ನನ್ನ ಕಡೆ ಬಗ್ಗಿ, "ಪುಟ್ಟಾ, ತಲೆ ತಗ್ಗಿಸಿ ನೀರಲ್ಲೇ ಕೂತಿರು. ಏನ್ ಸದ್ದಾದ್ರೂ ಏಳಬೇಡ" ಎಂದು ಕೂಗಿದರು. ನಾನು ಗದ್ದದ ತನಕ ನೀರಿನೊಳಗೆ ಇಳಿದೆ.

"ಬಿಗೀಲಿ... ಬಿಗೀಲಿ... ಬಿಗೀಲಿ..."

ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಆದರೆ ರೆಪ್ಪೆ ಮುಚ್ಚಲಿಲ್ಲ. ಹಲಗೆಯ ಅಂಚನ್ನೇ ನೋಡುತ್ತಿದ್ದೆ. ಅಂಚಿನಲ್ಲಿ ತುಕ್ಕಿನ ಒಂದು ಪದರ ಎದ್ದಿತ್ತು, ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಗ್ಗ ಬಿಗಿದಾಗ ಕಬ್ಬಿಣವೆಲ್ಲ ಒಂದು ಸಲ ನರಳಿತು.

"ಬಿಗೀಲಿ... ಬಿಗೀ—"

ಟಣ್ ಎಂದು ಕಂಬಿ ಮುರಿಯಿತು.

ಹಲಗೆ ಬಿತ್ತು. ಬಿದ್ದು, ನನ್ನ ಹೆಲ್ಮೆಟ್ಟಿಗೆ ಗೇಣಿನಷ್ಟು ಮೇಲೆ, ಹಗ್ಗದಲ್ಲಿ ಜಗ್ಗಿ ನಿಂತಿತು. ನೀರು ಮುಖಕ್ಕೆ ಎರಚಿತು. ಅಪ್ಪನ ದನಿ ನಿಂತುಹೋಯಿತು, ಮತ್ತು ದನಿ ನಿಂತ ಗಳಿಗೆಯಲ್ಲೇ ಕೊಕ್ಕೆಯೂ ನಿಂತಿತು. ಅಮ್ಮನ ಕೈ ಅಲುಗಲಿಲ್ಲ. ಹಲಗೆ ಸಣ್ಣಗೆ ಅತ್ತಿತ್ತ ಆಡಿತು, ಒಂದು ಮೂಲೆ ನನ್ನ ಭುಜವನ್ನು ಸವರಿ ಗೋಡೆಗೆ ಉಜ್ಜಿತು. ನಾನು ಕಿರುಚಲಿಲ್ಲ. ಕಿರುಚಿದರೆ ಅಪ್ಪ ಗಾಬರಿಯಲ್ಲಿ ಏನಾದರೂ ಹೇಳಿಬಿಟ್ಟಾರು ಎಂಬ ಭಯಕ್ಕೆ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದೆ.

ಅಮ್ಮ ಏನನ್ನೂ ಕೇಳಲಿಲ್ಲ. ಏನಾಯ್ತು, ಯಾಕೆ ಸುಮ್ಮನಾದ್ರಿ ಎಂದು ಒಂದು ಮಾತೂ ಇಲ್ಲ. ಅಪ್ಪನಿಗೆ ಬಾಯಿ ಬರುವ ತನಕ ಕಾದರು. ಕಾಣದೆ, ತಿಳಿಯದೆ, ಅಷ್ಟು ಎತ್ತರದಲ್ಲಿ ಒಬ್ಬರೇ ಕೂತು ಹಾಗೆ ಕಾಯುವುದು ಎಂಥದೆಂದು ನನಗೆ ಊಹಿಸಲೂ ಆಗುವುದಿಲ್ಲ.

"ಹಗ್ಗ ಹಿಡಿದಿದೆ" ಎಂದರು ಅಪ್ಪ. "ಅವಳಿಗೆ ತಾಗಿಲ್ಲ. ಒಳಗೆ ಬರ್ಲಿ ಈಗ. ನಿನ್ನ ಕಡೆಗೆ. ಬರ್ಲಿ... ಬರ್ಲಿ... ಬರ್ಲಿ..."

ಹಲಗೆ ನನ್ನಿಂದ ದೂರ ಸರಿಯಿತು.

"ಏಳ್ಲಿ... ಏಳ್ಲಿ... ಏಳ್ಲಿ..."

ಒಂದು ಗೆರೆ ಬೆಳಕು ಬಂತು, ಆಮೇಲೆ ಕೈಯಗಲ, ಆಮೇಲೆ ಆಕಾಶ. ಅಪ್ಪನ ದನಿ ಒಮ್ಮೆಯೂ ತಡವರಿಸಲಿಲ್ಲ. ಆ ಒಂದೇ ಮಾತನ್ನು ಅವರು ಎಷ್ಟು ಸಲ ಹೇಳಿದರೋ. ಅಷ್ಟು ಸಲವೂ ಅದು ನೇರ ಅಮ್ಮನಿಗೇ ಹೇಳಿದ ಮಾತು. ನಾನು ನೀರಿನಲ್ಲಿ ಕೂತು ಅಳುತ್ತಿದ್ದೆ.

ಅಪ್ಪ ಏಣಿಯಲ್ಲಿ ಇಳಿದರೋ ಜಾರಿದರೋ ಗೊತ್ತಿಲ್ಲ. ನನ್ನನ್ನು ಮೇಲೆ ಹತ್ತಿಸಿ ಹಲಗೆಗಳ ರಾಶಿಯ ಮೇಲೆ ಕೂರಿಸುವಾಗ ನೋಡಿದೆ, ಅವರ ಎರಡೂ ಅಂಗೈ ಸಿಪ್ಪೆ ಸುಲಿದಿತ್ತು. ಯಾರೋ ಟೀ ಕೊಟ್ಟರು. ಲೋಟ ಹಿಡಿಯಲು ನನಗೂ ಆಗಲಿಲ್ಲ, ಅಪ್ಪನಿಗೂ ಆಗಲಿಲ್ಲ. ಅಮ್ಮ ಕ್ರೇನಿನಿಂದ ಇಳಿದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಓಡುತ್ತಲೇ ಬಂದವರು ನನ್ನ ಮುಖ, ತೋಳು, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಕೈ ಏನಾಗಿದೆ ನಿಮ್ದು?"

"ಏನಿಲ್ಲ ಬಿಡು."

"ಏನಿಲ್ಲ ಅಂತೆ. ತೋರ್ಸಿ ಇಲ್ಲಿ."

ಅಪ್ಪ ತೋರಿಸಿದರು. ಅಮ್ಮ ತಮ್ಮ ಕುತ್ತಿಗೆಯ ವಸ್ತ್ರ ಬಿಚ್ಚಿ ಸುತ್ತತೊಡಗಿದರು. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ನಮ್ಮಪ್ಪ ಅಮ್ಮ ಗೊತ್ತಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಅಪ್ಪ, "ಇನ್ನು ಅ‌ವಳು ಗುಂಡಿಗೆ ಇಳಿಯಲ್ಲ" ಎಂದರು.

"ಮತ್ತೆ? ಸ್ಟೋರಲ್ಲಿ ಕೂತು ಮೊಳೆ ಎಣಿಸ್ತಾಳಾ ಜೀವನಪೂರ್ತಿ?"

"ಎಣಿಸ್ಲಿ. ಬದುಕಿರ್ತಾಳೆ."

"ಇವತ್ತು ಆಗಿದ್ದು ಗುಂಡಿಯಿಂದಾನಾ? ನಮ್ಮಿಬ್ಬರಿಂದ ಆಗಿದ್ದು."

"ನನಗದು ಗೊತ್ತಿಲ್ಲ ಅಂದ್ಕೊಂಡ್ಯಾ?"

ದನಿ ಏರತೊಡಗಿತು. ನನಗೆ ಮತ್ತೆ ಭಯ ಬಂತು. ಗುಂಡಿಯಲ್ಲಿ ಬಂದದ್ದಕ್ಕಿಂತ ಅದು ಕಮ್ಮಿಯದೇನಲ್ಲ. ಈಗ ಒಬ್ಬರು ತಟ್ಟನೆ ಸುಮ್ಮನಾಗುತ್ತಾರೆ, ಇನ್ನೊಬ್ಬರು ನನ್ನ ಕಡೆ ತಿರುಗುತ್ತಾರೆ, ನಿಮ್ಮಪ್ಪನಿಗೆ ಹೇಳು ಎನ್ನುತ್ತಾರೆ, ನಾನು ಹೇಳುತ್ತೇನೆ. ಮನೆಗೆ ಹೋಗುತ್ತೇವೆ, ನಾಳೆ ಮತ್ತೆ ಇಳಿಯುತ್ತೇನೆ. ಇದೆಲ್ಲ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಅಪ್ಪ ತಟ್ಟನೆ ಸುಮ್ಮನಾದರು. ಅಮ್ಮ ನನ್ನ ಕಡೆ ತಿರುಗಿದರು. ಬಾಯಿ ತೆರೆದರು, ಮುಚ್ಚಿದರು. ಮತ್ತೆ ಅಪ್ಪನ ಕಡೆ ನೋಡಿದರು.

"ರೀ, ಅವಳನ್ನ ನಾವು ಕೇಳಿದ್ವಾ?"

"ಏನನ್ನ?"

"ಇದನ್ನೇ. ಗುಂಡಿ, ಸ್ಟೋರು, ಯಾವುದು ಬೇಕು ಅಂತ. ನಾನಂತೂ ಕೇಳಿಲ್ಲ."

ಅಪ್ಪ ಯೋಚಿಸಿದರು. "ನಾನೂ ಕೇಳಿಲ್ಲ" ಎಂದರು.

ಇಬ್ಬರೂ ನನ್ನನ್ನು ನೋಡಿದರು. "ನೀನೇನ್ ಹೇಳ್ತೀಯಾ?" ಎಂದರು ಅಮ್ಮ.

"ಅಮ್ಮ ಹೇಳೋದೇನಂದ್ರೆ..." ಎಂದು ನನ್ನ ಬಾಯಿ ಅಪ್ಪನ ಕಡೆ ತಿರುಗಿ ಶುರುಮಾಡಿಬಿಟ್ಟಿತು.

"ಅಮ್ಮಂದಲ್ಲ" ಎಂದರು ಅಪ್ಪ. "ನಂದೂ ಅಲ್ಲ. ನಿಂದು."

ನಾನು ಹುಡುಕಿದೆ. ಅಪ್ಪನ ಮಾತುಗಳು ನಾಲಿಗೆಯ ಮೇಲೆ ಸಾಲಾಗಿ ಇದ್ದವು, ಅಮ್ಮನವೂ ಇದ್ದವು, ಎರಡನ್ನೂ ಅವರವರ ದನಿಯಲ್ಲೇ ಒಪ್ಪಿಸಬಲ್ಲೆ. ನನ್ನದು ಎಂದು ಒಂದೂ ಸಿಗಲಿಲ್ಲ. ಅವರಿಬ್ಬರೂ ಕಾಯುತ್ತಿದ್ದರು. ಅಮ್ಮನ ಕೈಯಲ್ಲಿ ಅಪ್ಪನ ಕೈ ಅರ್ಧ ಕಟ್ಟು ಹಾಕಿದ ಹಾಗೇ ಇತ್ತು. ಯಾರೂ ಅವಸರ ಮಾಡಲಿಲ್ಲ, ಯಾರೂ ನಡುವೆ ಬಾಯಿ ಹಾಕಲಿಲ್ಲ.

"ಆ ಗುಂಡಿ ಅಂದ್ರೆ ನನಗೆ ಮೊದಲ ದಿನದಿಂದ್ಲೂ ಭಯ" ಎಂದೆ. "ಅದಕ್ಕಿಂತ ಜಾಸ್ತಿ ಭಯ ನಮ್ಮ ಊಟದ ಮೇಜು ಅಂದ್ರೆ."

ಅಮ್ಮನ ಮುಖ ಬಿಳಿಚಿಕೊಂಡಿತು. ಅಪ್ಪ ತಲೆ ತಗ್ಗಿಸಿದರು. ಆದರೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.

"ಹೇಳು" ಎಂದರು ಅಪ್ಪ.

ನಾನು ಹೇಳತೊಡಗಿದೆ.